ಹೃದಯದ ಬಾಗಿಲಿನ ಕಾವಲು: ಈಜಿಪ್ಟಿನ ಮರುಭೂಮಿಯ ಕ್ರೈಸ್ತ ವಿರಕ್ತರು

ಕ್ರಿ. ಶ. 384ರಲ್ಲಿ ರೋಮ್ ನಗರದಲ್ಲಿದ್ದ ಕ್ರೈಸ್ತ ವಿದ್ವಾಂಸ ಜೆರೋಮ್ ಅವರು ಯೂಸ್ಟೋಕಿಯಂ ಎಂಬ ತರುಣಿಗೆ ಬ್ರಹ್ಮಚರ್ಯವ್ರತವನ್ನು ಕುರಿತು ದೀರ್ಘವಾದ ಪತ್ರವೊಂದನ್ನು ಬರೆದರು. ಈಜಿಪ್ಟಿನ ನೈಟ್ರಿಯಾ ಎಂಬಲ್ಲಿ ನಡೆದ ಒಂದು ಘಟನೆ ಅದರಲ್ಲಿ ಬರುತ್ತದೆ. ಅಗಸೆನಾರಿನ ಬಟ್ಟೆ ನೇಯ್ದು ಜೀವಿಸುತ್ತಿದ್ದ ವಿರಕ್ತನೊಬ್ಬನು ತೀರಿಕೊಂಡಾಗ ಅವನ ಬಳಿ 100 ಚಿನ್ನದ ನಾಣ್ಯಗಳು ದೊರೆತವು. ಅದು ಕದ್ದ ಹಣವಲ್ಲ, ದುಡಿದು ಕೂಡಿಟ್ಟದ್ದು. ಅವನು ಲೋಭಿ ಎನ್ನುವುದಕ್ಕಿಂತ ಮಿತವ್ಯಯಿಯಾಗಿದ್ದನೆಂದೇ ಜೆರೋಮ್ ಹೇಳುತ್ತಾರೆ. ಆ ಪ್ರದೇಶದಲ್ಲಿ ಪ್ರತ್ಯೇಕ ಕುಟೀರಗಳಲ್ಲಿ ವಾಸವಾಗಿದ್ದ ಸುಮಾರು 5000 ವಿರಕ್ತರಲ್ಲಿ ಈ ಹಣವನ್ನು ಏನು ಮಾಡಬೇಕೆಂಬ ಚರ್ಚೆ ಎದ್ದಿತು. ಬಡವರಿಗೆ ಹಂಚಬೇಕೆಂದು ಕೆಲವರು ಹೇಳಿದರು. ದೇವಾಲಯಕ್ಕೆ ಕೊಡಬೇಕೆಂದು ಕೆಲವರು, ಸತ್ತವನ ತಂದೆತಾಯಿಗಳಿಗೆ ಕಳುಹಿಸಬೇಕೆಂದು ಮತ್ತೆ ಕೆಲವರು ಹೇಳಿದರು. ಹಿರಿಯರಾದ ಮಕಾರಿಯಸ್, ಪಾಂಬೋ, ಇಸಿಡೋರ್ ಮೊದಲಾದವರು ಇವುಗಳಲ್ಲಿ ಒಂದನ್ನೂ ಒಪ್ಪಲಿಲ್ಲ. ಹಣವನ್ನು ಶವದೊಡನೆಯೇ ಹೂಳಿಸಿದರು.

ದತ್ತಿಗಳ ಲೆಕ್ಕಪತ್ರ ನೋಡಿ ಅನುಭವವಿರುವವರಿಗೆ ಈ ತೀರ್ಮಾನ ವಿಚಿತ್ರವಾಗಿ ಕಾಣುವುದು ಸಹಜ. ನೂರು ಚಿನ್ನದ ನಾಣ್ಯಗಳಿಂದ ಎಷ್ಟೋ ಮಂದಿ ಹಸಿದವರ ಹೊಟ್ಟೆ ತುಂಬುತ್ತಿತ್ತು. ಆದರೆ ಹಿರಿಯರು ನೋಡಿದ್ದು ನಾಣ್ಯಗಳನ್ನಲ್ಲ, ಮೊದಲನೆಯ ನಾಣ್ಯವನ್ನು ತೆಗೆದಿರಿಸಿದ ದಿನ ಆ ನೇಕಾರನ ಮನಸ್ಸಿನಲ್ಲಿ ಸುಳಿದಿರಬಹುದಾದ ಆಲೋಚನೆಯನ್ನು. ಆ ಆಲೋಚನೆ ಬಂದಿತು, ಒಳಗೆ ಕುಳಿತಿತು, ವರ್ಷಗಟ್ಟಲೆ ಬೆಳೆಯಿತು. ಅಕ್ಕಪಕ್ಕದಲ್ಲಿ ಸಾವಿರಾರು ಮಂದಿ ಸಾಧಕರಿದ್ದರೂ ಅದು ಒಬ್ಬರ ಕಣ್ಣಿಗೂ ಬೀಳಲಿಲ್ಲ. ಹೊರಗಿನ ಆಚಾರದಲ್ಲಿ ಅವನಲ್ಲಿ ದೋಷವಿರಲಿಲ್ಲ. ಮನೆ ಬಿಟ್ಟಿದ್ದನು, ದುಡಿದು ತಿನ್ನುತ್ತಿದ್ದನು. ಬಿಟ್ಟುಬಂದ ಲೋಕವು ಆಲೋಚನೆಯ ರೂಪದಲ್ಲಿ ಹಿಂಬಾಲಿಸಿ ಬರುತ್ತದೆ ಎಂಬುದು ಆ ಮರುಭೂಮಿಯ ವಿರಕ್ತರು ಕಂಡುಕೊಂಡ ಮೊದಲ ಸತ್ಯ. ಅದನ್ನು ಎದುರಿಸುವುದಕ್ಕಾಗಿ ಅವರು ರೂಪಿಸಿಕೊಂಡ ಸಾಧನೆಗೆ ಹೃದಯದ ಕಾವಲು ಎಂದು ಹೆಸರು. ಗ್ರೀಕಿನಲ್ಲಿ ಇದಕ್ಕೆ 'ನೆಪ್ಸಿಸ್' ಎಂಬ ಮಾತೂ ಇದೆ. ಅಮಲು ಇಳಿದವನ ಎಚ್ಚರ ಎಂಬುದು ಅದರ ಮೂಲಾರ್ಥ. 'ಗುಪ್ತಿ' ಎಂಬ ಶಬ್ದವನ್ನು ಬಲ್ಲ ವಾಚಕರಿಗೆ ಕಾವಲು ಎಂಬ ಮಾತು ಹೊಸದೆನಿಸಲಾರದು. ಆದರೆ ಸಾಮ್ಯವನ್ನು ಹುಡುಕುವುದು ಇಲ್ಲಿಯ ಉದ್ದೇಶವಲ್ಲ. ಆ ಜನ ತಮ್ಮ ನಾಡಿನಲ್ಲಿ, ತಮ್ಮ ಧರ್ಮಗ್ರಂಥದ ಆಧಾರದಲ್ಲಿ ಏನು ಮಾಡಿದರೆಂಬುದನ್ನು ನೋಡುವುದಷ್ಟೇ ಇಲ್ಲಿಯ ವಿಷಯ.

ಆಧಾರವಾದರೂ ಸ್ಪಷ್ಟವಾಗಿಯೇ ಇತ್ತು. ಬೈಬಲ್ಲಿನ ಜ್ಞಾನೋಕ್ತಿಗಳ ನಾಲ್ಕನೆಯ ಅಧ್ಯಾಯದಲ್ಲಿ ಹೃದಯವನ್ನು ಎಲ್ಲಕ್ಕಿಂತ ಮಿಗಿಲಾಗಿ ಕಾಪಾಡಿಕೊಳ್ಳಬೇಕೆಂಬ ಉಪದೇಶವಿದೆ. ಮತ್ತಾಯನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ, ಕೊಲೆ ಕಳವುಗಳ ಹೆಸರು ಹೇಳುವುದಕ್ಕೆ ಮೊದಲು ಹೃದಯದಿಂದ ಹೊರಡುವ ದುರಾಲೋಚನೆಗಳನ್ನು ಯೇಸು ಹೆಸರಿಸುತ್ತಾರೆ. 356ರಲ್ಲಿ ತೀರಿಕೊಂಡ ಅಂತೋಣಿ ಅವರು ಏಕಾಂತವಾಸಿಗೆ ಕಿವಿ, ನಾಲಿಗೆ, ಕಣ್ಣುಗಳ ಮೂರು ಯುದ್ಧಗಳು ತಪ್ಪಿ, ಹೃದಯದ ಯುದ್ಧವೊಂದೇ ಉಳಿಯುತ್ತದೆ ಎಂಬರ್ಥದ ಮಾತನ್ನು ಹೇಳಿದ್ದರೆಂದು ಪರಂಪರೆ ನೆನೆಯುತ್ತದೆ. ಆ ಒಂದು ಯುದ್ಧದ ಭೂಗೋಳ ಈಜಿಪ್ಟಿನಲ್ಲಿ ಮೂರು ಹೆಸರುಗಳಲ್ಲಿ ಹರಡಿದೆ. ನೈಲ್ ನದಿಯ ಮುಖಜಭೂಮಿಯ ಪಶ್ಚಿಮದ ಅಂಚಿನಲ್ಲಿ ನೈಟ್ರಿಯಾ, ಅಲ್ಲಿಂದ ಸುಮಾರು 18 ಕಿಲೋಮೀಟರ್ ಒಳಗೆ ಕೆಲ್ಲಿಯಾ, ಇನ್ನೂ ದಕ್ಷಿಣಕ್ಕೆ ಸ್ಕೀಟಿಸ್. 'ಕೆಲ್ಲಿಯಾ' ಎಂದರೆ ಕೋಣೆಗಳು. ನೈಟ್ರಿಯಾದಲ್ಲಿ ಜನ ಹೆಚ್ಚಿದಾಗ ಇನ್ನೂ ಹೆಚ್ಚಿನ ಮೌನ ಬೇಕೆಂದವರು 338ರ ಸುಮಾರಿನಲ್ಲಿ ಅಲ್ಲಿಗೆ ತೆರಳಿದರೆಂದು ಸಂಪ್ರದಾಯ ಹೇಳುತ್ತದೆ. ಮರಳಿನಡಿ ಮರೆಯಾಗಿದ್ದ ಈ ಸ್ಥಳವನ್ನು 1964ರಲ್ಲಿ ಫ್ರೆಂಚ್ ವಿದ್ವಾಂಸ ಆಂಟ್ವಾನ್ ಗಿಯೋಮೋನ್ ಗುರುತಿಸಿದರು. ಮುಂದೆ ಫ್ರೆಂಚ್ ಮತ್ತು ಸ್ವಿಸ್ ತಂಡಗಳು ನಡೆಸಿದ ಶೋಧನೆಯಲ್ಲಿ ಸುಮಾರು 1500 ವಸತಿಗಳ ಕುರುಹುಗಳು ಕಂಡುಬಂದವು. ಮರುಭೂಮಿಗೆ ನೀರು ಬಂದು ಬೇಸಾಯ ಹಬ್ಬಿದುದರಿಂದ ಅವುಗಳಲ್ಲಿ ಬಹುಪಾಲು ಅಳಿದುಹೋಗಿವೆ.

ಈ ಕೋಣೆಗಳಲ್ಲೊಂದರಲ್ಲಿ ಹದಿನಾಲ್ಕು ವರ್ಷ ವಾಸಿಸಿದವರು ಎವಾಗ್ರಿಯಸ್. ಆಲೋಚನೆಗಳ ಕಾವಲನ್ನು ಒಂದು ಶಾಸ್ತ್ರವಾಗಿ ಬರೆದಿಟ್ಟವರಲ್ಲಿ ಮೊದಲಿಗರು ಇವರೇ. ಹುಟ್ಟಿನಿಂದ ಇವರು ಮರುಭೂಮಿಯವರಲ್ಲ. ಕಪ್ಪು ಸಮುದ್ರದ ದಡದ ಪೋಂಟಸ್ ಪ್ರಾಂತದಲ್ಲಿ 345ರ ಸುಮಾರಿಗೆ ಜನಿಸಿ, ಗ್ರೀಕ್ ವಿದ್ಯೆಯಲ್ಲಿ ಪಳಗಿ, ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಧರ್ಮಾಧ್ಯಕ್ಷರ ಬಲಗೈಯಾಗಿ, ವಾದದಲ್ಲಿ ಸೋಲದವರೆಂಬ ಕೀರ್ತಿಯನ್ನು ಪಡೆದಿದ್ದರು. ಅಲ್ಲಿ ಉನ್ನತ ಮನೆತನದ ವಿವಾಹಿತ ಮಹಿಳೆಯೊಬ್ಬಳಲ್ಲಿ ಮನಸ್ಸು ಸಿಲುಕಿತು. ಒಂದು ರಾತ್ರಿ ಕಂಡ ಕನಸಿನಿಂದ ಬೆದರಿ, ಊರು ಬಿಡುವೆನೆಂದು ಕನಸಿನಲ್ಲಿ ಮಾಡಿದ ಪ್ರಮಾಣವನ್ನು ನಿಜವೆಂದೇ ತಿಳಿದು, ಸಾಮಾನುಗಳೊಡನೆ ಹಡಗು ಹತ್ತಿ ಜೆರೂಸಲೇಮಿಗೆ ಬಂದರು. ಅಲ್ಲಿಯೂ ಮನಸ್ಸು ನಿಲ್ಲಲಿಲ್ಲ. ಮತ್ತೆ ಒಳ್ಳೆಯ ಉಡುಪು, ಮತ್ತೆ ಮಾತಿನ ಚಮತ್ಕಾರ. ಆಗ ಬಂದ ಜ್ವರ ಆರು ತಿಂಗಳಾದರೂ ಇಳಿಯಲಿಲ್ಲ, ವೈದ್ಯರಿಗೆ ಕಾರಣ ತಿಳಿಯಲಿಲ್ಲ. ಆಲಿವ್ ಗುಡ್ಡದ ಮೇಲೆ ಆಶ್ರಮ ನಡೆಸುತ್ತಿದ್ದ ಮೆಲಾನಿಯಾ ಎಂಬ ಸಾಧ್ವಿ, ಈ ಕಾಯಿಲೆಯ ಹಿಂದೆ ಬೇರೇನೋ ಇದೆ, ಮನಸ್ಸಿನಲ್ಲಿರುವುದನ್ನು ಹೇಳು ಎಂದು ಕೇಳಿದರು. ಎವಾಗ್ರಿಯಸ್ ಎಲ್ಲವನ್ನೂ ಹೇಳಿದರು. ಕೆಲವು ದಿನಗಳಲ್ಲಿ ಮೈ ಗುಣವಾಯಿತು. 383ರ ಸುಮಾರಿಗೆ ಅವರು ಈಜಿಪ್ಟಿನ ಹಾದಿ ಹಿಡಿದರು. ಈ ವೃತ್ತಾಂತವನ್ನು ಬರೆದವರು ಅವರ ಶಿಷ್ಯ ಪಲ್ಲಾಡಿಯಸ್. ಮುಂದೆ ಆಲೋಚನೆಗಳ ಬಗ್ಗೆ ಅಷ್ಟೊಂದು ಬರೆದವರ ಬದುಕನ್ನು ತಿರುಗಿಸಿದುದು ಒಬ್ಬ ಸ್ತ್ರೀಯ ಮುಂದೆ ಬಿಚ್ಚಿಟ್ಟ ಗುಟ್ಟು ಎಂಬುದನ್ನು ಮರೆಯಬಾರದು.

ಮರುಭೂಮಿಯಲ್ಲಿ ಈ ಪಂಡಿತರಿಗೆ ವಿಶೇಷ ಮರ್ಯಾದೆ ಸಿಗಲಿಲ್ಲ. ಒಮ್ಮೆ ಸಭೆಯಲ್ಲಿ ಅವರು ಮಾತನಾಡಿದಾಗ, ನೀವು ನಿಮ್ಮ ನಾಡಿನಲ್ಲಿದ್ದಿದ್ದರೆ ಧರ್ಮಾಧ್ಯಕ್ಷರಾಗುತ್ತಿದ್ದಿರೋ ಏನೋ, ಇಲ್ಲಿ ಮಾತ್ರ ಪರದೇಶಿ ಎಂಬರ್ಥದಲ್ಲಿ ಯಾಜಕರು ಹೇಳಿದರಂತೆ. ಎವಾಗ್ರಿಯಸ್ ತಲೆ ತಗ್ಗಿಸಿ ಒಪ್ಪಿಕೊಂಡರು. ಗ್ರಂಥಗಳ ಪ್ರತಿ ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ದಿನಕ್ಕೆ ಒಂದು ಪೌಂಡಿನಷ್ಟು ರೊಟ್ಟಿ ಅವರ ಆಹಾರವಾಗಿತ್ತು.

ಎವಾಗ್ರಿಯಸ್ ಅವರ ಗಣನೆಯಲ್ಲಿ ಮನುಷ್ಯನನ್ನು ಕಾಡುವ ಮೂಲ ಆಲೋಚನೆಗಳು ಎಂಟು. ಹೊಟ್ಟೆಬಾಕತನ, ಕಾಮ, ಧನಲೋಭ, ವಿಷಾದ, ಕ್ರೋಧ, 'ಅಕೀಡಿಯಾ' ಎಂಬ ಬೇಸರ, ಕೀರ್ತಿಯ ಹಂಬಲ, ಗರ್ವ. ಇವುಗಳಿಗೆ ಅವರು ಪಾಪಗಳೆಂದು ಹೆಸರಿಡದೆ 'ಲೋಗಿಸ್ಮೋಯಿ', ಅಂದರೆ ಆಲೋಚನೆಗಳು ಎಂದು ಕರೆದದ್ದು ಉದ್ದೇಶಪೂರ್ವಕ. ಇವುಗಳ ವೇಷವನ್ನು ಅವರು ಬಲ್ಲಷ್ಟು ಬಲ್ಲವರು ಕಡಿಮೆ. ಹೊಟ್ಟೆಬಾಕತನ ಎಂದೊಡನೆ ಹಬ್ಬದೂಟದ ಆಸೆ ಎಂದುಕೊಳ್ಳುವವರಿಗೆ ಅವರ ವಿವರಣೆ ಅಚ್ಚರಿಯನ್ನು ತರುತ್ತದೆ. ಅದು ಉಪವಾಸಿಯ ಬಳಿ ವೈದ್ಯನಂತೆ ಬರುತ್ತದೆ. ಜಠರ, ಯಕೃತ್ತು, ಜಲೋದರ, ದೀರ್ಘರೋಗ, ವೈದ್ಯರಿಲ್ಲದ ಊರು ಎಂದು ಒಂದೊಂದನ್ನೇ ನೆನಪಿಸುತ್ತದೆ. ಧನಲೋಭವೂ ಹಾಗೆಯೇ ಒಡವೆ ವಸ್ತುಗಳನ್ನು ತೋರಿಸುವುದಿಲ್ಲ. ಮುಪ್ಪು ದೀರ್ಘವಾಗಿರುತ್ತದೆ, ಕೈಗಳು ಕೆಲಸಕ್ಕೆ ಬಾರದಾಗುತ್ತವೆ, ಬರಗಾಲ ಬರಬಹುದು, ಪರರ ಮುಂದೆ ಕೈಚಾಚುವುದು ಅವಮಾನ ಎಂದು ತಿಳಿಹೇಳುತ್ತದೆ. ನೈಟ್ರಿಯಾದ ನೇಕಾರನ ಕಿವಿಯಲ್ಲಿ ಉಸುರಿದ ಮಾತು ಇದೇ ಇರಬೇಕು. ಇನ್ನೊಂದು ಗ್ರಂಥದಲ್ಲಿ ಅವರು ಇದಕ್ಕಿಂತ ಸೂಕ್ಷ್ಮವಾದ ವೇಷವನ್ನು ಬಯಲಿಗೆಳೆಯುತ್ತಾರೆ. ಲೋಭವು ಧರ್ಮದರ್ಶಿಯ ವೇಷ ಧರಿಸಿ, ಅತಿಥಿಗಳನ್ನು ಸತ್ಕರಿಸುವ, ಸೆರೆಮನೆಯವರನ್ನು ಕಾಣುವ, ಮಾರಾಟವಾದವರನ್ನು ಬಿಡಿಸುವ ಕನಸು ಕಟ್ಟಿಕೊಡುತ್ತದೆ. ಇದಕ್ಕೆಲ್ಲ ಹಣ ಬೇಕಲ್ಲ ಎಂದು ಸಿರಿವಂತರ ಮನೆಯ ಕಡೆಗೆ ದಾರಿ ತೋರಿಸುತ್ತದೆ. ಕಡೆಗೆ ಅದನ್ನು ಕೀರ್ತಿಯ ಹಂಬಲದ ಕೈಗೆ ಒಪ್ಪಿಸಿ ತಾನು ಹಿಂದೆ ಸರಿಯುತ್ತದೆ. ನೂರು ನಾಣ್ಯಗಳನ್ನು ಬಡವರಿಗೂ ಕೊಡದೆ, ದೇವಾಲಯಕ್ಕೂ ಕೊಡದೆ ಹೂಳಿಸಿದ ಹಿರಿಯರ ಕಾಠಿಣ್ಯಕ್ಕೆ ಒಂದು ಸಮರ್ಥನೆ ಇಲ್ಲಿ ದೊರೆಯುತ್ತದೆ. ಆದರೂ ಆ ಕಾಠಿಣ್ಯವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಬಡವನ ಹಸಿವೆಗೆ ದಾನಿಯ ಮನಃಶುದ್ಧಿಯ ಲೆಕ್ಕ ತಿಳಿಯದು.

ಅಕೀಡಿಯಾ ಎಂಬ ಶಬ್ದಕ್ಕೆ ಕನ್ನಡದಲ್ಲಿ ಸರಿಸಾಟಿಯಾದ ಒಂದೇ ಮಾತು ಹುಡುಕುವುದು ಕಷ್ಟ. ಆಲಸ್ಯ ಎಂದರೆ ಕಡಿಮೆಯಾಗುತ್ತದೆ, ಬೇಸರ ಎಂದರೆ ಸಾಲದು. ಬೆಳಗಿನ ಹತ್ತರಿಂದ ಮಧ್ಯಾಹ್ನದ ಎರಡು ಗಂಟೆಯವರೆಗೆ ಅದರ ಹಾವಳಿ ಎಂದು ಎವಾಗ್ರಿಯಸ್ ವೇಳೆಯನ್ನೂ ಗುರುತಿಸುತ್ತಾರೆ. ಸೂರ್ಯ ನಿಂತಲ್ಲೇ ನಿಂತಂತೆ ತೋರುತ್ತದೆ, ಹಗಲು ಐವತ್ತು ಗಂಟೆಗಳಷ್ಟು ಉದ್ದವಾಗುತ್ತದೆ. ಕುಳಿತವನು ಎದ್ದು ಕಿಟಕಿಯಲ್ಲಿ ಇಣುಕುತ್ತಾನೆ. ಊಟದ ಹೊತ್ತಾಯಿತೇ ಎಂದು ನೆರಳನ್ನು ನೋಡುತ್ತಾನೆ. ಯಾರಾದರೂ ಬರಬಾರದೇ ಎಂದು ಆಚೀಚೆ ದಿಟ್ಟಿಸುತ್ತಾನೆ. ಆಮೇಲೆ ಈ ಸ್ಥಳವೇ ಸರಿಯಿಲ್ಲ, ಇಲ್ಲಿಯವರಲ್ಲಿ ಪ್ರೀತಿ ಉಳಿದಿಲ್ಲ, ಬೇರೆಡೆ ಹೋದರೆ ಸಾಧನೆ ಸುಲಭ ಎನಿಸತೊಡಗುತ್ತದೆ. ಪೇಟೆಯ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿಯಿಲ್ಲದೆ ಗಾದಿಯ ಮೇಲೆ ಕುಳಿತು ಬೀದಿಯನ್ನು ದಿಟ್ಟಿಸಿದವರಿಗೂ ಈ ವರ್ಣನೆ ಅಪರಿಚಿತವೆನಿಸದು.

ಇದಕ್ಕೆ ಅವರು ಹೇಳಿದ ಉಪಾಯ ಯುದ್ಧಕ್ಕಿಂತ ಮೊದಲು ಪರಿಶೀಲನೆ. ಯಾವ ಆಲೋಚನೆ ಯಾವ ವೇಳೆಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಅದರ ಹಿಂದೆ ಯಾವುದು ಬರುತ್ತದೆ, ಯಾವುದರ ಜೊತೆ ಯಾವುದು ಕೂಡುವುದಿಲ್ಲ ಎಂಬುದನ್ನು ಸಾಧಕನು ಗುರುತಿಸಿಕೊಳ್ಳಬೇಕು. ಕೀರ್ತಿಯ ಹಂಬಲವಿರುವಲ್ಲಿ ಕಾಮ ನಿಲ್ಲದು, ಆದ್ದರಿಂದ ಒಂದನ್ನು ಎದುರಿಗಿಟ್ಟು ಇನ್ನೊಂದನ್ನು ಓಡಿಸಬಹುದು ಎಂದೂ ಹೇಳುತ್ತಾರೆ. ಇದು ಮುಳ್ಳಿನಿಂದ ಮುಳ್ಳನ್ನು ತೆಗೆಯುವ ಜಾಣತನ. ಒಂದೊಂದು ಆಲೋಚನೆಗೆ ಪ್ರತಿಯಾಗಿ ಹೇಳಿಕೊಳ್ಳಬೇಕಾದ ಬೈಬಲ್ ವಾಕ್ಯಗಳನ್ನು ಸುಮಾರು 500ರಷ್ಟು ಸಂಗ್ರಹಿಸಿ, ಎಂಟು ಭಾಗಗಳಲ್ಲಿ ವಿಂಗಡಿಸಿ ಪುಸ್ತಕ ಮಾಡಿದರು. ಅದರ ಗ್ರೀಕ್ ಮೂಲ ಕಳೆದುಹೋಗಿ ಸಿರಿಯಾಕ್ ಮತ್ತು ಅರ್ಮೇನಿಯನ್ ಭಾಷಾಂತರಗಳಲ್ಲಿ ಉಳಿದಿದೆ.

ಇಷ್ಟೆಲ್ಲದರ ತಳಹದಿಯಾಗಿ ಒಂದು ವಿವೇಕವಿದೆ. ಆಲೋಚನೆ ಬರುವುದೂ ಬಾರದಿರುವುದೂ ಮನುಷ್ಯನ ಕೈಯಲ್ಲಿಲ್ಲ, ಬಂದುದನ್ನು ಉಳಿಸಿಕೊಳ್ಳುವುದು ಮಾತ್ರ ಅವನ ಕೈಯಲ್ಲಿದೆ. ಪೋಯ್ಮನ್ ಎಂಬ ಹಿರಿಯರ ಬಳಿ ಒಬ್ಬ ಸೋದರನು ಬಂದು, ಆಲೋಚನೆಗಳು ಮುತ್ತುತ್ತಿವೆ, ಕೆಟ್ಟೆನೆಂದು ಅಲವತ್ತುಕೊಂಡನು. ಅವರು ಅವನನ್ನು ಬಯಲಿಗೆ ಕರೆದೊಯ್ದು, ಬೀಸುವ ಗಾಳಿಯನ್ನು ಎದೆಯೊಡ್ಡಿ ಹಿಡಿ ಎಂದರು. ಆಗದು ಎಂದನು. ಇದಾಗದಿದ್ದರೆ ಅದೂ ಆಗದು, ತಡೆದು ನಿಲ್ಲುವುದಷ್ಟೇ ನಿನ್ನ ಕೆಲಸ ಎಂದು ಕಳುಹಿಸಿದರು. ಸ್ಕೀಟಿಸಿನ ಮೋಸೆಸ್ ಎಂಬ ಹಿರಿಯರು ಕೊಟ್ಟ ಹೋಲಿಕೆ ಇನ್ನೂ ಬಳಕೆಯದು. ಮನಸ್ಸು ನೀರಿನ ರಭಸಕ್ಕೆ ತಿರುಗುವ ಬೀಸುಕಲ್ಲಿನಂತೆ. ನೀರು ಹರಿಯುವವರೆಗೆ ಕಲ್ಲನ್ನು ನಿಲ್ಲಿಸಲಾಗದು. ಅದಕ್ಕೆ ಗೋಧಿ ಹಾಕಬೇಕೋ ಕಳೆಬೀಜ ಹಾಕಬೇಕೋ ಎಂಬುದು ಗಿರಣಿಯವನ ಇಚ್ಛೆ. ಇದನ್ನು ಕೇಳಿ ಬರೆದಿಟ್ಟವರು ಜಾನ್ ಕ್ಯಾಸಿಯನ್. ಈಜಿಪ್ಟಿನಲ್ಲಿ ಹಲವು ವರ್ಷ ಸುತ್ತಿ, ಮುಂದೆ ಫ್ರಾನ್ಸಿನ ಮಾರ್ಸೇಯಲ್ಲಿ ನೆಲೆಸಿ, 420ರ ದಶಕದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಗ್ರಂಥ ರಚಿಸಿದವರು ಇವರು.

ವ್ಯಾಪಾರಸ್ಥರು ಮೆಚ್ಚುವ ಇನ್ನೊಂದು ಹೋಲಿಕೆಯನ್ನೂ ಮೋಸೆಸ್ ಕೊಟ್ಟರೆಂದು ಕ್ಯಾಸಿಯನ್ ಬರೆಯುತ್ತಾರೆ. ಆಲೋಚನೆ ಬಂದಾಗ ಸಾಧಕನು ಚಿನಿವಾರನಂತಿರಬೇಕು. ನಾಣ್ಯ ಹೊಳೆಯುತ್ತದೆಂದು ಚಿನಿವಾರ ನಂಬುವುದಿಲ್ಲ. ಒಳಗೆ ಅಪರಂಜಿಯೋ ಹಿತ್ತಾಳೆಯೋ ಎಂದು ಒರೆಹಚ್ಚುತ್ತಾನೆ. ಚಿನ್ನವೇ ಆದರೂ ಅದರ ಮೇಲಿನ ಮುದ್ರೆ ನಿಜವಾದ ಅರಸನದೋ ರಾಜದ್ರೋಹಿಯದೋ ಎಂದು ನೋಡುತ್ತಾನೆ. ಮುದ್ರೆಯೂ ಸರಿಯಿದ್ದರೆ ತೂಕ ಹಾಕುತ್ತಾನೆ. ಹಿತ್ತಾಳೆಗಿಂತ ಅಪಾಯದ್ದು ಎರಡನೆಯದು. ಲೋಹ ಅಪ್ಪಟ, ಮುದ್ರೆ ಮಾತ್ರ ಬೇರೆಯವನದು. ಶಾಸ್ತ್ರವಾಕ್ಯವೇ ಮನಸ್ಸಿಗೆ ಹೊಳೆದರೂ ಅದನ್ನು ತಪ್ಪು ಉದ್ದೇಶಕ್ಕೆ ತಿರುಗಿಸಿದ ಆಲೋಚನೆ ಈ ಜಾತಿಯದು.

ಬಂದ ಆಲೋಚನೆ ಹೇಗೆ ಮನೆಯ ಯಜಮಾನನಾಗುತ್ತದೆ ಎಂಬ ಕ್ರಮವನ್ನು ಏಳನೆಯ ಶತಮಾನದಲ್ಲಿ ಸಿನಾಯ್ ಮಠದ ಅಧಿಪತಿ ಜಾನ್ ಕ್ಲೈಮಾಕಸ್ ತಮ್ಮ 30 ಮೆಟ್ಟಿಲುಗಳ 'ಏಣಿ' ಎಂಬ ಗ್ರಂಥದಲ್ಲಿ ವಿವರಿಸಿದ್ದಾರೆ. ಮೊದಲು ಬಾಗಿಲು ತಟ್ಟುವುದು, ಇದರಲ್ಲಿ ದೋಷವಿಲ್ಲ. ಆಮೇಲೆ ಬಂದವನೊಡನೆ ಮಾತುಕತೆ, ಇದು ಪೂರ್ತಿ ನಿರ್ದೋಷವಲ್ಲ. ಅನಂತರ ಸಮ್ಮತಿ, ಅದರ ಹಿಂದೆ ಸೆರೆ. ನಡುವೆ ಹೋರಾಟವೂ ಉಂಟು. ಗೆದ್ದವನಿಗೆ ಕಿರೀಟ, ಸೋತವನಿಗೆ ಶಿಕ್ಷೆ. ಬಹುಕಾಲ ಮನೆಮಾಡಿ ಸ್ವಭಾವವೇ ಆಗಿಹೋದದ್ದು ವ್ಯಸನ. ಅಲೆಕ್ಸಾಂಡ್ರಿಯದ ಬಳಿಯ ಒಂದು ಮಠಕ್ಕೆ ಕ್ಲೈಮಾಕಸ್ ಹೋದಾಗ, ಊಟದ ಮನೆ ನೋಡಿಕೊಳ್ಳುತ್ತಿದ್ದ ಸೋದರನ ನಡುಪಟ್ಟಿಯಲ್ಲಿ ಒಂದು ಚಿಕ್ಕ ಪುಸ್ತಕ ತೂಗಾಡುವುದನ್ನು ಕಂಡರು. ಅದು ಉಗ್ರಾಣದ ಲೆಕ್ಕವಲ್ಲ. ದಿನವೂ ಬಂದ ಆಲೋಚನೆಗಳನ್ನು ಅದರಲ್ಲಿ ಬರೆದು ಮಠಾಧಿಪತಿಗೆ ತೋರಿಸುತ್ತಿದ್ದನು. ಇನ್ನೂ ಹಲವರು ಹಾಗೆ ಮಾಡುತ್ತಿದ್ದರು. ಒಳ್ಳೆಯ ಲೇವಾದೇವಿಗಾರನು ಪ್ರತಿ ಸಂಜೆ ಲಾಭ ನಷ್ಟವನ್ನು ತಾಳೆ ನೋಡುತ್ತಾನೆಂಬ ಅರ್ಥದ ಮಾತು ಅದೇ ಗ್ರಂಥದಲ್ಲಿದೆ. ಅಂತೋಣಿ ಅವರ ಚರಿತ್ರೆಯಲ್ಲೂ ಮನಸ್ಸಿನ ಚಲನೆಗಳನ್ನು ಇತರರಿಗೆ ತೋರಿಸಲಿದ್ದೇವೆಂಬಂತೆ ಬರೆದಿಡಬೇಕೆಂಬ ಸಲಹೆ ಬರುತ್ತದೆ. ಅಕ್ಷರವಿದ್ಯೆ ಕಲಿಯಲಿಲ್ಲವೆಂದು ಅದೇ ಚರಿತ್ರೆ ಹೇಳುವ ವ್ಯಕ್ತಿ ಬರೆದಿಡಲು ಹೇಳಿದ್ದು ಸ್ವಾರಸ್ಯಕರವಾಗಿದೆ.

ಈ ಸಾಧನೆಯ ತಿರುಳು ಇಲ್ಲಿದೆ. ಆಲೋಚನೆಯ ಲೆಕ್ಕವನ್ನು ಬರೆದವನೇ ಪರಿಶೋಧಿಸುವಂತಿಲ್ಲ. ಸರಪಿಯೋನ್ ಎಂಬವರು ಬಾಲ್ಯದಲ್ಲಿ ಥಿಯೋನಸ್ ಎಂಬ ಹಿರಿಯರ ಬಳಿಯಿದ್ದಾಗ ದಿನವೂ ಊಟವಾದ ಮೇಲೆ ಒಂದು ಒಣರೊಟ್ಟಿಯನ್ನು ಬಟ್ಟೆಯಲ್ಲಿ ಅಡಗಿಸಿ, ಸಂಜೆ ಗುಟ್ಟಾಗಿ ತಿನ್ನುತ್ತಿದ್ದರಂತೆ. ತಿಂದಾಗ ಆಗುತ್ತಿದ್ದ ಸುಖಕ್ಕಿಂತ ಆಮೇಲಿನ ಸಂಕಟ ದೊಡ್ಡದಾಗಿದ್ದರೂ ಮರುದಿನ ಕೈ ತಾನೇ ಮುಂದೆ ಹೋಗುತ್ತಿತ್ತು. ಒಮ್ಮೆ ಅತಿಥಿಗಳೊಡನೆ ಹಿರಿಯರು ಗುಪ್ತ ಆಲೋಚನೆಗಳ ಬಗ್ಗೆ ಮಾತನಾಡುತ್ತಿರುವಾಗ ಬಾಲಕನು ಅಳುತ್ತಾ ಎದ್ದು, ಬಟ್ಟೆಯೊಳಗಿನ ರೊಟ್ಟಿಯನ್ನು ಎಲ್ಲರೆದುರು ತೆಗೆದು ಕ್ಷಮೆ ಬೇಡಿದನು. ಹೇಳಿಬಿಟ್ಟೆಯಲ್ಲ, ಬಿಡುಗಡೆಯಾಯಿತು ಎಂದರು ಹಿರಿಯರು. ಮುಂದೆಂದೂ ಆ ಆಸೆ ತಮ್ಮನ್ನು ಮುಟ್ಟಲಿಲ್ಲವೆಂದು ಸರಪಿಯೋನ್ ಅವರೇ ಹೇಳಿಕೊಂಡಿದ್ದನ್ನು ಕ್ಯಾಸಿಯನ್ ದಾಖಲಿಸಿದ್ದಾರೆ.

ಆದರೆ ಕೇಳುವ ಕಿವಿ ಎಂಥದು ಎಂಬ ಪ್ರಶ್ನೆಯನ್ನು ಕ್ಯಾಸಿಯನ್ ಮುಚ್ಚಿಡುವುದಿಲ್ಲ. ಕಾಮದ ಆಲೋಚನೆಗಳಿಂದ ನೊಂದ ತರುಣನೊಬ್ಬನು ಹಿರಿಯರೊಬ್ಬರ ಬಳಿ ಮನಸ್ಸು ತೆರೆದನು. ಆ ವೃದ್ಧರು ಅವನನ್ನು ನೀಚನೆಂದು, ವಿರಕ್ತನೆಂಬ ಹೆಸರಿಗೇ ಅಯೋಗ್ಯನೆಂದು ಜರೆದರು. ತರುಣನು ನಿರಾಶನಾಗಿ, ಇನ್ನು ಊರಿಗೆ ಹೋಗಿ ಮದುವೆಯಾಗುವುದೇ ಸರಿಯೆಂದು ಹೊರಟನು. ದಾರಿಯಲ್ಲಿ ಅಪೋಲೋ ಎಂಬ ಹಿರಿಯರು ಎದುರಾಗಿ, ಅವನ ಮುಖವನ್ನು ನೋಡಿಯೇ ಸಂಗತಿ ವಿಚಾರಿಸಿ, ಈ ವಯಸ್ಸಿನಲ್ಲೂ ನನಗೇ ಇಂಥ ಆಲೋಚನೆಗಳು ಬರುತ್ತವೆ ಎಂದು ಸಮಾಧಾನ ಹೇಳಿ ಹಿಂದಿರುಗಿಸಿದರು. ಅನಂತರ ಆ ವೃದ್ಧರ ಕುಟೀರದ ಬಳಿ ನಿಂತು, ತರುಣನ ಹೋರಾಟ ಈ ವೃದ್ಧನಿಗೂ ಬರಲೆಂದು ದೇವರನ್ನು ಪ್ರಾರ್ಥಿಸಿದರಂತೆ. ವೃದ್ಧರು ಹುಚ್ಚರಂತೆ ಹೊರಗೆ ಓಡಿಬಂದು, ತರುಣನು ಹಿಡಿದಿದ್ದ ದಾರಿಯನ್ನೇ ಹಿಡಿದರು. ಅಪೋಲೋ ಅವರನ್ನು ತಡೆದು, ಇಷ್ಟು ದಿನ ನಿಮ್ಮನ್ನು ಶತ್ರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಎಂದು ತಿಳಿಹೇಳಿದರು. ನರೆತ ತಲೆಯೊಂದೇ ಹಿರಿತನಕ್ಕೆ ಸಾಕ್ಷಿಯಲ್ಲ ಎಂಬ ಎಚ್ಚರಿಕೆಗಾಗಿ ಈ ಕಥೆ ಹೇಳಲ್ಪಟ್ಟಿದೆ. ಮನಸ್ಸನ್ನು ತೆರೆದಿಡಬೇಕೆಂದು ಕಿರಿಯರಿಗೆ ಬೋಧಿಸುವ ಧರ್ಮಸಂಸ್ಥೆಗಳು ಬಹಳವಿವೆ. ಕೇಳುವ ಯೋಗ್ಯತೆಯ ಬಗ್ಗೆ ಹಿರಿಯರನ್ನು ಇಷ್ಟು ಕಠಿಣವಾಗಿ ಪರೀಕ್ಷಿಸಿದವು ವಿರಳ.

ಇಷ್ಟು ಎಚ್ಚರದ ಜನ ಒಂದು ಆಲೋಚನೆಯ ಮುಂದೆ ಎಡವಿದರು. ತಮ್ಮ ಅಭಿಪ್ರಾಯವೇ ಸತ್ಯವೆಂಬ ಆಲೋಚನೆ ಅದು. ದೇವರಿಗೆ ಮನುಷ್ಯನಂತೆ ರೂಪವಿಲ್ಲ ಎಂಬುದು ಎವಾಗ್ರಿಯಸ್ ಮೊದಲಾದವರ ಬೋಧನೆ. ಪ್ರಾರ್ಥನೆಯ ಹೊತ್ತಿಗೆ ಮನಸ್ಸಿನಲ್ಲಿ ಯಾವ ಚಿತ್ರವೂ ಇರಬಾರದು ಎಂದು ಅವರು ಹೇಳುತ್ತಿದ್ದರು. ಸರಳ ವಿರಕ್ತರಲ್ಲಿ ಅನೇಕರು ಹಾಗೆ ತಿಳಿದಿರಲಿಲ್ಲ. 399ರಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಥಿಯೋಫಿಲಸ್ ಅವರ ಪತ್ರವು ರೂಪವಾದವನ್ನು ಖಂಡಿಸಿದಾಗ, ಕೆರಳಿದ ವಿರಕ್ತರ ಗುಂಪು ನಗರಕ್ಕೆ ನುಗ್ಗಿತು. ಥಿಯೋಫಿಲಸ್ ಪಕ್ಷ ಬದಲಿಸಿದರು. 400ರಲ್ಲಿ ನೈಟ್ರಿಯಾದ ಮೇಲೆ ಬಲಪ್ರಯೋಗ ನಡೆದು, ಕುಟೀರಗಳೂ ಅವುಗಳಲ್ಲಿದ್ದ ಗ್ರಂಥಗಳೂ ಬೆಂಕಿಗೆ ತುತ್ತಾದವು. ಪಂಡಿತ ವಿರಕ್ತರು ಪ್ಯಾಲೆಸ್ಟೈನಿಗೂ ಕಾನ್‌ಸ್ಟಾಂಟಿನೋಪಲಿಗೂ ಓಡಿದರು. ಕ್ಯಾಸಿಯನ್ ಈಜಿಪ್ಟನ್ನು ತೊರೆದದ್ದು ಈ ಗಲಭೆಯ ಸುಮಾರಿನಲ್ಲಿಯೇ. ಎವಾಗ್ರಿಯಸ್ 399ರ ಆರಂಭದಲ್ಲಿಯೇ ತೀರಿಕೊಂಡಿದ್ದರಿಂದ ಇದನ್ನು ನೋಡಲಿಲ್ಲ. ದ್ವೇಷವಿಟ್ಟುಕೊಂಡು ಪ್ರಾರ್ಥಿಸುವವನು ತೂತು ಕೊಡದಲ್ಲಿ ನೀರು ತುಂಬುವವನೆಂದು ಬರೆದವರು ಅವರು. ಎರಡು ಪಕ್ಷದವರೂ ಒಂದೇ ಬಾವಿಯ ನೀರು ಕುಡಿದು, ಅದೇ ಕೀರ್ತನೆಗಳನ್ನು ಹಾಡುತ್ತಿದ್ದವರೆಂಬುದು ಈ ಪ್ರಸಂಗದ ದುಃಖ. ಪಂಡಿತರ ಪಕ್ಷದಲ್ಲೂ ತಾತ್ಸಾರ ಕಡಿಮೆಯಿರಲಿಲ್ಲ. ಕ್ಯಾಸಿಯನ್ ಹೇಳುವ ಇನ್ನೊಬ್ಬ ಸರಪಿಯೋನ್, ಬಹುವೃದ್ಧರು, ವಾದಕ್ಕೆ ಒಪ್ಪಿ ತಮ್ಮ ರೂಪಕಲ್ಪನೆಯನ್ನು ಬಿಟ್ಟ ಮೇಲೆ ಪ್ರಾರ್ಥನೆಗೆ ನಿಂತು, ಯಾರನ್ನು ಕುರಿತು ಪ್ರಾರ್ಥಿಸಬೇಕೆಂದು ತಿಳಿಯದೆ ನೆಲಕ್ಕೆ ಬಿದ್ದು ಗೋಳಾಡಿದರು. ಆ ಮುದುಕರ ಅಳುವಿಗೆ ವಾದದಲ್ಲಿ ಗೆದ್ದವರ ಬಳಿ ಉತ್ತರವಿರಲಿಲ್ಲ.

ಎಂಟು ಆಲೋಚನೆಗಳ ಪಟ್ಟಿ ಕ್ಯಾಸಿಯನ್ನರ ಮೂಲಕ ಪಶ್ಚಿಮಕ್ಕೆ ಹೋಯಿತು. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗೊರಿ ಅದನ್ನು ತಿದ್ದಿ, ಗರ್ವವನ್ನು ಎಲ್ಲದರ ಬೇರೆಂದು ಪ್ರತ್ಯೇಕಿಸಿ, ಅಕೀಡಿಯಾವನ್ನು ವಿಷಾದದಲ್ಲಿ ಸೇರಿಸಿ, ಅಸೂಯೆಯನ್ನು ಹೊಸದಾಗಿ ತಂದು ಏಳು ಮಾಡಿದರು. ಅಲ್ಲಿಂದ ಯೂರೋಪಿನಲ್ಲಿ ಪ್ರಸಿದ್ಧವಾದ ಏಳು ಮಹಾಪಾಪಗಳು ಬಂದವು. 1215ರ ಲ್ಯಾಟರನ್ ಸಭೆ ಪ್ರತಿಯೊಬ್ಬ ವಯಸ್ಕ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂದು ವಿಧಿಸಿದಾಗ, ಯಾಜಕರಿಗೆ ಪ್ರಶ್ನೆ ಕೇಳಲು ಈ ಪಟ್ಟಿ ಅನುಕೂಲವಾಯಿತು. ಲಕ್ಷಾಂತರ ಗೃಹಸ್ಥರಿಗೆ ಆತ್ಮಪರೀಕ್ಷೆಯ ಅಭ್ಯಾಸ ತಲುಪಿದುದು ಲಾಭವೇ. ಆದರೆ ಬಾಗಿಲು ತಟ್ಟುವವನನ್ನು ಗುರುತಿಸಲು ಬರೆದ ಪಟ್ಟಿ, ಮನೆ ಲೂಟಿಯಾದ ಮೇಲೆ ಅಪರಾಧವನ್ನು ಎಣಿಸುವ ಪಟ್ಟಿಯಾಯಿತು. ರೋಕಡ ಪುಸ್ತಕ ಹೋಗಿ ದಂಡದ ರಶೀದಿ ಉಳಿದಂತೆ.

ಪೂರ್ವದಲ್ಲಿ ಮೂಲದ ಅರ್ಥ ಬಹುಮಟ್ಟಿಗೆ ಉಳಿಯಿತು. ಸಿನಾಯ್‌ನ ಹೆಸಿಕಿಯಸ್ ಎಂಬವರು ಈ ಜಾಗರೂಕತೆಯನ್ನೇ ಕುರಿತು 200ಕ್ಕೂ ಮಿಕ್ಕ ಪುಟ್ಟ ಅಧ್ಯಾಯಗಳನ್ನು ಬರೆದರು. ಬಲೆಯ ನಡುವೆ ಅಲುಗಾಡದೆ ಕುಳಿತು ಸಣ್ಣ ನೊಣ ತಾಗಿದೊಡನೆ ಎಚ್ಚರಗೊಳ್ಳುವ ಜೇಡನು ಅವರಿಗೆ ಆದರ್ಶ; ಹಿಂಸೆಯ ಈ ದೃಷ್ಟಾಂತ ಕೆಲವರಿಗೆ ಹಿಡಿಸದಿರಬಹುದು. ಗಾಜಾದ ಮಠದಲ್ಲಿ ಆರನೆಯ ಶತಮಾನದಲ್ಲಿದ್ದ ಡೊರೊಥಿಯಸ್ ಅವರ ಶಿಷ್ಯ ದೊಸಿಥಿಯಸ್ ರೋಗಿಗಳ ಸೇವೆಗೆ ನೇಮಕಗೊಂಡಿದ್ದನು. ಒಮ್ಮೆ ಒಳ್ಳೆಯದೊಂದು ಚಾಕು ಅವನ ಕೈಗೆ ಬಂದಿತು. ರೋಗಿಗಳ ಕೆಲಸಕ್ಕೆ ಆಗುತ್ತದೆಂದು ಗುರುಗಳಿಗೆ ತೋರಿಸಿದನು. ನಿನಗೆ ಈ ಚಾಕಿನ ಆಳಾಗುವ ಆಸೆಯೇ ಎಂದು ಕೇಳಿದ ಗುರುಗಳು, ಇನ್ನು ಮುಂದೆ ಅದನ್ನು ಮುಟ್ಟಬೇಡವೆಂದರು. ಉಳಿದ ಸೇವಕರೆಲ್ಲ ಅದನ್ನು ಬಳಸುತ್ತಿದ್ದರೂ ಅವನೊಬ್ಬನು ಮುಟ್ಟಲಿಲ್ಲ. ಚಾಕು ಹೂಳಲ್ಪಡಲಿಲ್ಲ, ರೋಗಿಗಳ ಉಪಯೋಗಕ್ಕೇ ಉಳಿಯಿತು ಎಂಬುದು ಇಲ್ಲಿ ವಿಶೇಷ. ನೈಟ್ರಿಯಾದ ಹಿರಿಯರಿಗಿಂತ ಡೊರ��ಥಿಯಸ್ ಹೆಚ್ಚು ಉದಾರವಾದ ದಾರಿ ಕಂಡರೆನ್ನಬೇಕು.

553ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಐದನೆಯ ಮಹಾಸಭೆಯ ಸಂದರ್ಭದಲ್ಲಿ ಎವಾಗ್ರಿಯಸ್ಸರ ತತ್ತ್ವಚಿಂತನೆ ಖಂಡನೆಗೆ ಗುರಿಯಾಯಿತು. ಅವರ ಹೆಸರಿನ ಪುಸ್ತಕ ಇಟ್ಟುಕೊಳ್ಳುವುದೇ ಅಪಾಯವಾದಾಗ, ವಿರಕ್ತರು ಅವರ ಹಲವು ಕೃತಿಗಳನ್ನು ನೀಲಸ್ ಎಂಬ ಬೇರೊಬ್ಬ ಸಂತರ ಹೆಸರಿನಲ್ಲಿ ಓದುತ್ತ ಬಂದರು. 1782ರಲ್ಲಿ ವೆನಿಸ್‌ನಲ್ಲಿ ಮುದ್ರಣವಾದ 'ಫಿಲೊಕಾಲಿಯಾ' ಎಂಬ ಮಹಾಸಂಕಲನದಲ್ಲಿಯೂ ಪ್ರಾರ್ಥನೆಯನ್ನು ಕುರಿತ ಅವರ ಗ್ರಂಥ ನೀಲಸ್ ಹೆಸರಿನಲ್ಲೇ ಇತ್ತು. ಕೊರಿಂಥದ ಮಕಾರಿಯೋಸ್ ಮತ್ತು ಆಥೋಸ್ ಪರ್ವತದ ನಿಕೊಡೆಮೋಸ್ ಇದರ ಸಂಪಾದಕರು. 1793ರಲ್ಲಿ ಪಾಯಿಸಿ ವೆಲಿಚ್ಕೋವ್‌ಸ್ಕಿ ಅವರ ಸ್ಲಾವೋನಿಕ್ ಭಾಷಾಂತರ ರಷ್ಯಕ್ಕೆ ಹೋಗಿ ಅಲ್ಲಿಯ ಮಠಗಳಿಗೆ ಹೊಸ ಜೀವ ಕೊಟ್ಟಿತು. ಆ ಗ್ರಂಥ ಎವಾಗ್ರಿಯಸ್ ಅವರದೆಂದು ಇರೇನೆ ಹೌಷೇರ್ ಎಂಬ ವಿದ್ವಾಂಸರು 1934ರಲ್ಲಿ ಆಧಾರಸಹಿತವಾಗಿ ತೋರಿಸಿದರು. ಕೀರ್ತಿಯ ಹಂಬಲವನ್ನು ಏಳನೆಯ ಶತ್ರುವೆಂದು ಹೆಸರಿಸಿದ ವ್ಯಕ್ತಿಗೆ ಸುಮಾರು ಹದಿನಾಲ್ಕು ಶತಮಾನಗಳ ಅಜ್ಞಾತವಾಸ ದೊರೆಯಿತು.

ಕೆಲ್ಲಿಯಾ ಮರಳಾಯಿತು, ಸ್ಕೀಟಿಸ್ ಮಾತ್ರ ಬದುಕಿದೆ. ವಾದಿ ನತ್ರೂನ್ ಎಂದು ಇಂದು ಕರೆಯುವ ಆ ಕಣಿವೆಯಲ್ಲಿ ನಾಲ್ಕು ಪ್ರಾಚೀನ ಕಾಪ್ಟಿಕ್ ಮಠಗಳಲ್ಲಿ ವಿರಕ್ತರು ಈಗಲೂ ಇದ್ದಾರೆ. ಪಾಳುಬೀಳುತ್ತಿದ್ದ ಮಕಾರಿಯಸ್ ಮಠಕ್ಕೆ 1969ರಲ್ಲಿ ಮತ್ತಾ ಅಲ್ ಮಿಸ್ಕೀನ್ ಎಂಬವರು ಹನ್ನೆರಡು ಮಂದಿ ಶಿಷ್ಯರೊಡನೆ ಬಂದು ಅದನ್ನು ಮತ್ತೆ ಕಟ್ಟಿದರು. ಆ ಮಠದ ಅಧಿಪತಿ, ವಿದ್ವಾಂಸ ಧರ್ಮಾಧ್ಯಕ್ಷ ಎಪಿಫಾನಿಯಸ್ ಅವರು 2018ರ ಜುಲೈ 29ರಂದು ಮಠದೊಳಗೇ ಕೊಲೆಯಾದರು. ಕೊಲೆಗಾಗಿ ಶಿಕ್ಷೆಗೊಳಗಾದವರು ಅದೇ ಮಠದ ವಿರಕ್ತರಾಗಿದ್ದವರು. ಕೆಲವೇ ದಿನಗಳಲ್ಲಿ ಕಾಪ್ಟಿಕ್ ಧರ್ಮಸಭೆ ವಿರಕ್ತಜೀವನದ ಶಿಸ್ತಿಗಾಗಿ 12 ನಿರ್ಣಯಗಳನ್ನು ಹೊರಡಿಸಿತು. ಒಂದು ವರ್ಷ ಹೊಸಬರನ್ನು ಸೇರಿಸಿಕೊಳ್ಳಬಾರದು ಎಂಬುದು ಅವುಗಳಲ್ಲೊಂದು. ವಿರಕ್ತರು ಸಾಮಾಜಿಕ ಜಾಲತಾಣಗಳಲ್ಲಿರುವ ತಮ್ಮ ಖಾತೆಗಳನ್ನು ಒಂದು ತಿಂಗಳೊಳಗೆ ಮುಚ್ಚಬೇಕು ಎಂಬುದು ಮತ್ತೊಂದು. ಧರ್ಮಸಭೆಯ ಮುಖ್ಯಸ್ಥರಾದ ಪೋಪ್ ತವಾದ್ರೋಸ್ ಅವರು ತಮ್ಮ ಫೇಸ್‌ಬುಕ್ ಪುಟವನ್ನೂ ಮುಚ್ಚಿದರು.